ಒಲೆ ಯಾವಾಗ ಹಚ್ತೀಯವ್ವ?

ಮೊನ್ನೆ ನಮ್ಮ ಹಿಟ್ಟು ಬೀಸುವ ಮಿಷನ್ನಿನ ಬೆಲ್ಟು ಬಿಸಿಯಾಗಿ ಸಣ್ಣಗೆ ಸುಟ್ಟ ವಾಸನೆ ಬಂತು. ರಬ್ಬರಿನ ವಾಸನೆ, ಜೊತೆಗೆ ಬಿಸಿಬಿಸಿ ರಾಗಿ ಹಿಟ್ಟಿನ ವಾಸನೆ, ಹಿಂದಿನ ದಿನ ಬೀಸಿದ ಮೆಣಸಿನಕಾಯಿಯ ಘಾಟು ಯಾವುದೋ ಮೂಲೆಯಲ್ಲಿ ಉಳಿದಿದ್ದು... ಮೂರೂ ಒಟ್ಟಿಗೆ ಮೂಗಿಗೆ ಬಡಿದ ಕೂಡಲೇ ನಾನು ನಮ್ಮ ಶೆಡ್ಡಿನಲ್ಲಿ ಇರಲಿಲ್ಲ. ಹೊಳೆನರಸೀಪುರದಲ್ಲಿ ನಾವು ಮೊದಲಿದ್ದ ಬೀದಿಯ ಕೊನೆಗೆ, ಹಿಟ್ಟಿನ ಮಿಲ್ಲಿನ ಬಾಗಿಲಲ್ಲಿ, ಸೊಂಟಕ್ಕೆ ಡಬ್ಬ ಒತ್ತಿಕೊಂಡು ನಿಂತಿದ್ದೆ.

"ಅಕ್ಕೋ, ಬೆಲ್ಟು ಸುಡ್ತಾ ಐತೆ, ನಿಂತ್ಕಂಡು ಕನಸು ಕಾಣ್ತಿದ್ದೀರಲ್ಲ!" ಎಂದು ನನ್ನ ಜೊತೆ ಪುಡಿ ಮಾಡುವ ಹೆಂಗಸು ಕೂಗಿ ತಾನೇ ಸ್ವಿಚ್ಚು ಆರಿಸಿದಳು. ಬೆಲ್ಟು ಉಳಿಯಿತು. ದೇವರು ದೊಡ್ಡವನು. ಆದರೆ ಆ ವಾಸನೆ ಇಡೀ ದಿನ ಸೆರಗಿಗೆ ಅಂಟಿಕೊಂಡೇ ಇತ್ತು, ಮಿಲ್ಲಿನಣ್ಣನೂ ಇಡೀ ದಿನ ಕಣ್ಣ ಮುಂದೆಯೇ ಇದ್ದರು.

ಅವರ ಹೆಸರು ನನಗೆ ಗೊತ್ತಿತ್ತು, ಆದರೆ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಬೀದಿಗೆಲ್ಲ ಮಿಲ್ಲಿನಣ್ಣ. ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬಿಳಿ ಹಿಟ್ಟು. ಸ್ನಾನ ಮಾಡಿ ಶನಿವಾರ ನರಸಿಂಹಸ್ವಾಮಿ ಗುಡಿಗೆ ಬಂದಾಗ ಮಾತ್ರ ಅವರ ಹುಬ್ಬು ಕಪ್ಪು ಅಂತ ತಿಳಿಯುತ್ತಿತ್ತು. ಮಿಷನ್ನಿನ ಸದ್ದಿನಲ್ಲೇ ವರ್ಷಗಟ್ಟಲೆ ಇದ್ದು ಕಿವಿ ಮಂದವಾಗಿತ್ತು. ನಾವು ಮಾತಾಡಿದರೆ ನಮ್ಮ ತುಟಿಯನ್ನೇ ನೋಡುತ್ತಿದ್ದರು. ಅದಕ್ಕೇ ಇರಬೇಕು, ಅವರ ಮುಂದೆ ಸುಳ್ಳು ಹೇಳುವುದು ಕಷ್ಟವಾಗಿತ್ತು. ಆದರೂ ನಾನು ಒಂದು ಸಲ ಹೇಳಿದೆ. ಅದನ್ನೇ ಬರೆಯಬೇಕು ಅಂತ ಕೂತಿದ್ದೇನೆ.

ಮಿಲ್ಲಿನಲ್ಲಿ ಇದ್ದದ್ದು ಒಂದೇ ಮಿಷನ್ನು. ದೊಡ್ಡ ಮಿಲ್ಲುಗಳಲ್ಲಿ ಖಾರಕ್ಕೆ ಬೇರೆ, ರಾಗಿಗೆ ಬೇರೆ ಇರುತ್ತದೆ. ಇಲ್ಲಿ ಎಲ್ಲಕ್ಕೂ ಅದೊಂದೇ. ಹಾಗಾಗಿ ಅವರು ದಿನದ ಕೆಲಸಕ್ಕೆ ಒಂದು ಕ್ರಮ ಇಟ್ಟುಕೊಂಡಿದ್ದರು. ಬೆಳಿಗ್ಗೆ ಗಣಪತಿ ಪಟಕ್ಕೆ ಊದುಬತ್ತಿ ಹಚ್ಚಿದ ಮೇಲೆ ಮೊದಲು ಅಕ್ಕಿ. ಆಮೇಲೆ ಗೋಧಿ, ಕಡಲೆಬೇಳೆ. ಆಮೇಲೆ ರಾಗಿ. ಕೊನೆಗೆ, ಬೇರೆ ಯಾರ ಡಬ್ಬವೂ ಉಳಿದಿಲ್ಲ ಅಂತ ಖಾತ್ರಿಯಾದ ಮೇಲೆ, ಮೆಣಸಿನಕಾಯಿ. ಬಿಳಿಯಿಂದ ಶುರುವಾಗಿ ಕೆಂಪಿಗೆ ಮುಗಿಯಬೇಕು. ಮೆಣಸಿನಕಾಯಿ ಆದ ಮೇಲೆ ಮುಗ್ಗಿದ ರಾಗಿಯನ್ನು ಎರಡು ಸಲ ಓಡಿಸಿ ಚೆಲ್ಲಿ, ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ಒಗೆದು, ಬ್ರಷ್ಷಿನಲ್ಲಿ ಉಜ್ಜಬೇಕು. ಅದಕ್ಕೇ ಅರ್ಧ ಗಂಟೆ ಮೇಲೆ ಹಿಡಿಯುತ್ತಿತ್ತು. ದಿನಕ್ಕೆ ಒಂದು ಸಲ ತೊಳೆದರೆ ಸಾಕು ಅಂದರೆ ಮೆಣಸಿನಕಾಯಿ ಕೊನೆಗೇ ಬರಬೇಕು.

ಒಂದೇ ಬಗೆಯ ಡಬ್ಬಗಳು ಹತ್ತು ಇದ್ದರೆ ಯಾರದು ಮೊದಲು? ಮೊದಲು ಬಂದವರದಲ್ಲವಾ ಅಂತ ಎಲ್ಲರೂ ತಿಳಿದಿದ್ದೆವು. ಅವರು ಹಾಗೆ ಮಾಡುತ್ತಿರಲಿಲ್ಲ. ಪ್ರತಿಯೊಬ್ಬರನ್ನೂ ಒಂದೇ ಮಾತು ಕೇಳುತ್ತಿದ್ದರು.

"ಇದ್ಕೆ ಒಲೆ ಯಾವಾಗ ಹಚ್ತೀಯವ್ವ?"

ಈಗಲೇ ಮನೆಗೆ ಹೋಗಿ ಮುದ್ದೆಗೆ ಎಸರಿಡಬೇಕು ಅಂದವರ ಡಬ್ಬ ಮುಂದೆ. ನಾಳೆ ಅಂದವರದು ಗೋಡೆಯ ಕಡೆಗೆ. ಒಂದು ಸಲ ನಮ್ಮ ಬೀದಿಯ ಮೇಷ್ಟರೊಬ್ಬರು, "ನಾನು ಬೆಳಿಗ್ಗೆ ಎಂಟು ಗಂಟೆಗೇ ಬಂದಿದ್ದೀನಿ ಕಣಯ್ಯ" ಎಂದು ರೇಗಿದರು.

"ನೀವು ಬೇಗ ಬಂದ್ರಿ ಸಾ, ನಿಮ್ಮನೆ ಒಲೆ ಬೇಗ ಬಂದಿಲ್ವಲ್ಲ," ಎಂದರು ಮಿಲ್ಲಿನಣ್ಣ. ಸುತ್ತ ನಿಂತವರೆಲ್ಲ ನಕ್ಕುಬಿಟ್ಟರು. ಮೇಷ್ಟರೂ ನಕ್ಕು ಪೇಪರ್ ಓದಲು ಕೂತರು.

ಆಗ ನಾನು ಮನೆಯಲ್ಲೇ ಸಾರಿನ ಪುಡಿ, ಚಟ್ನಿಪುಡಿ, ಚಕ್ಕುಲಿ ಮಾಡಿ ಕೊಡಲು ಶುರುಮಾಡಿ ಎರಡು ವರ್ಷವಾಗಿತ್ತು. ಕೈರುಚಿ ಚೆನ್ನಾಗಿದೆ ಅಂತ ಜನ ಕೇಳಿಕೊಂಡು ಬರುತ್ತಿದ್ದರು. ಆದರೆ ಕೆಲಸಕ್ಕೆ ತಲೆಬುಡ ಇರಲಿಲ್ಲ. ಯಾರು ಫೋನಿನಲ್ಲಿ ಜೋರಾಗಿ ಕೇಳುತ್ತಾರೋ ಅವರದ್ದನ್ನು ಹಿಡಿಯುವುದು, ಅದು ಅರ್ಧ ಆಗುವಷ್ಟರಲ್ಲಿ ಇನ್ನೊಬ್ಬರು ಕೇಳಿದರೆ ಅದನ್ನು ಬಿಟ್ಟು ಇದನ್ನು ಹಿಡಿಯುವುದು. ಯಾರೂ ಕೇಳದೆ ಇದ್ದರೆ, ಯಾವುದು ಸುಲಭವೋ ಅದು. ನಮ್ಮತ್ತೆ ಇದ್ದಾಗ ಹೇಳುತ್ತಿದ್ದರು: "ನೀನು ದೇವರ ಮನೆ ಒಂದ್ರಲ್ಲಿ ಮಾತ್ರ ಕ್ರಮವಾಗಿದ್ದೀಯ ಕಣೆ. ಅಡಿಗೆ ಮನೆಗೆ ಬಂದ್ರೆ ಕೋಳಿ ಕೆರ್ದಂಗೆ ಕೆರ್ದಾಡ್ತೀಯ." ಸುಳ್ಳಲ್ಲ.

ನಾನು ಸುಳ್ಳು ಹೇಳಿದ ಆ ಬುಧವಾರವೂ ಹಾಗೆಯೇ ಆಗಿತ್ತು. ಅರಕಲಗೂಡಿನ ಒಂದು ಮನೆಯವರು ಗೃಹಪ್ರವೇಶಕ್ಕೆ ಸಾರಿನ ಪುಡಿ ಹೇಳಿದ್ದರು. ನನಗೆ ಸಿಕ್ಕಿದ ಮೊದಲ ದೊಡ್ಡ ಆರ್ಡರು. ಭಾನುವಾರ ಊಟ, ಅಡಿಗೆಯವರು ಒಲೆ ಹಚ್ಚುವುದು ಶನಿವಾರ ಸಂಜೆ. ಮೆಣಸಿನಕಾಯಿ, ಧನಿಯ ಎಲ್ಲ ಮಂಗಳವಾರವೇ ಹುರಿದು ಇಟ್ಟಿದ್ದೆ. ಬುಧವಾರ ಬೆಳಿಗ್ಗೆ ಮೊದಲು ಮಿಲ್ಲಿಗೆ ಹೋಗುವುದು ಬಿಟ್ಟು, ಚಕ್ಕುಲಿ ಪೊಟ್ಟಣಗಳಿಗೆ ಬಣ್ಣದ ದಾರ ಕಟ್ಟಿಕೊಂಡು ಕೂತೆ. ಚೆಂದ ಕಾಣಲಿ ಅಂತ. ದಾರ ಕಟ್ಟಿಕೊಡಿ ಅಂತ ಯಾರೂ ಕೇಳಿರಲಿಲ್ಲ.

ಮಧ್ಯಾಹ್ನ ಮಿಲ್ಲಿಗೆ ಹೋದರೆ ಬಾಗಿಲ ತನಕ ಜನ. ಎರಡು ದಿನದಿಂದ ಲೈನು ಕೆಟ್ಟು ಕರೆಂಟಿರಲಿಲ್ಲ. ಅವತ್ತು ಒಂದು ಗಂಟೆಯಿಂದ ಮೂರು ಗಂಟೆ ತನಕ ಕೊಡುತ್ತೇವೆ, ಆಮೇಲೆ ಮತ್ತೆ ತೆಗೆಯುತ್ತೇವೆ ಅಂತ ಲೈನ್‌ಮನ್ ಹೇಳಿ ಹೋಗಿದ್ದ. ಎರಡೇ ಗಂಟೆ. ಡಬ್ಬ, ಚೀಲ ಎಲ್ಲ ಸೇರಿ ಇಡಲು ಜಾಗವಿರಲಿಲ್ಲ.

ಮಿಲ್ಲಿನಣ್ಣ ಮಿಷನ್ನು ಶುರು ಮಾಡುವ ಮೊದಲು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ರಾಗಿ ತಂದ ಹೆಂಗಸರು, "ಮನೇಲಿ ಇನ್ನೂ ಎರಡು ದಿನಕ್ಕೆ ಹಿಟ್ಟೈತೆ ಕಣಣ್ಣ, ನಾಳೆ ನಾಳಿದ್ದು ಆದ್ರೂ ಆಯ್ತದೆ" ಎಂದರು. ಒಬ್ಬೊಬ್ಬರೇ ಚೀಲ ಬಿಟ್ಟು ಹೊರಟರು. ಎಲ್ಲರೂ ಇದ್ದದ್ದನ್ನು ಇದ್ದಂತೆ ಹೇಳಿದರು. ನನ್ನ ಸರದಿ ಬಂತು.

"ನಿಂದು ಮೆಣಸಿನಕಾಯಿ. ಒಲೆ ಯಾವಾಗವ್ವ?"

ನಾಳೆ ಕರೆಂಟು ಬರದಿದ್ದರೆ? ನಾಡಿದ್ದೂ ಬರದಿದ್ದರೆ? ಮೊದಲ ದೊಡ್ಡ ಆರ್ಡರೇ ಕೈಕೊಟ್ಟರೆ ಇನ್ನು ಯಾರು ನನ್ನನ್ನು ನಂಬುತ್ತಾರೆ? ಇಷ್ಟೂ ಒಂದು ಉಸಿರಿನಲ್ಲಿ ತಲೆಗೆ ಬಂತು. ಬಾಯಿ ತಾನಾಗಿ ಹೇಳಿತು:

"ಇವತ್ತು ಸಂಜೆಗೇ ಅಣ್ಣ. ಗೃಹಪ್ರವೇಶದ ಮನೆ. ಅಡಿಗೆಯವರು ಕಾಯ್ತಾ ಕೂತಿದ್ದಾರೆ."

ಅವರು ನನ್ನ ತುಟಿಯನ್ನು ನೋಡಿದರು. ಆಮೇಲೆ ಡಬ್ಬ ನೋಡಿದರು. "ಆಗ್ಲಿ ಬುಡು. ಅಕ್ಕಿ, ಗೋಧಿ ಮುಗ್ಸಿ ನಿಂದೇ ಹಾಕ್ತೀನಿ. ರಾಗಿಯವ್ರೆಲ್ಲ ನಾಳೆ ಅಂದವ್ರೆ" ಎಂದು ಒಳಗೆ ಹೋದರು. ನಾನು ಗಣಪತಿ ಪಟಕ್ಕೆ ಕೈ ಮುಗಿದೆ. ಸುಳ್ಳು ಹೇಳಿದ್ದಕ್ಕೆ ಕ್ಷಮಿಸು ಅಂತಲೋ, ಸುಳ್ಳು ನಡೆಸಿಕೊಟ್ಟೆಯಲ್ಲ ಅಂತಲೋ... ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ.

ಎರಡೂವರೆಗೆ ನನ್ನ ಮೆಣಸಿನಕಾಯಿ ಮಿಷನ್ನಿಗೆ ಬಿತ್ತು. ಘಾಟಿಗೆ ಎಲ್ಲರೂ ಸೆರಗು, ಟವೆಲ್ಲು ಮೂಗಿಗೆ ಹಿಡಿದು ಆಚೆ ಬಂದೆವು. ಅಷ್ಟರಲ್ಲಿ ಬಸ್‌ಸ್ಟ್ಯಾಂಡ್ ಕಡೆಯಿಂದ ಒಬ್ಬ ಅಜ್ಜಿ ಓಡುತ್ತಾ ಬಂದಳು. ಬಗಲಲ್ಲಿ ಸಣ್ಣ ಬಟ್ಟೆ ಗಂಟು. ಬಾಗಿಲಿಗೆ ಬಂದು ಕೆಮ್ಮುತ್ತಾ ನಿಂತಳು.

"ಅಯ್ಯೋ, ಖಾರ ಹಾಕ್ಬುಟ್ರಾ? ಇದು ಮಗೀಗೆ ಸರಿ ಹಿಟ್ಟಿಗೆ ಕಣಪ್ಪ. ಮೊಳಕೆ ಕಟ್ಟಿ ಒಣಗ್ಸಿದ್ ರಾಗಿ. ಎರಡೇ ಸೇರು."

ಅವಳ ಸೊಸೆಗೆ ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್ನು ಆಗಿತ್ತು. ಮಗ ಅಲ್ಲೇ ಇದ್ದ. ಊರಿನಲ್ಲಿ ಏಳು ತಿಂಗಳ ಕೂಸನ್ನು ಅಜ್ಜಿ ನೋಡಿಕೊಳ್ಳುತ್ತಿದ್ದಳು. ಮೊಲೆಹಾಲು ತಪ್ಪಿದ ಮಗು, ಬಾಟಲಿಯನ್ನು ಮುಟ್ಟುತ್ತಿರಲಿಲ್ಲ. ರಾಗಿ ಸರಿಯ ಗಂಜಿ ಒಂದನ್ನು ಮಾತ್ರ ನುಂಗುತ್ತಿತ್ತು. ಹಿಟ್ಟಿನ ಡಬ್ಬ ಬೆಳಿಗ್ಗೆಗೆ ಖಾಲಿ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಸ್ಸು ಹತ್ತಿ ಬಂದಿದ್ದಳು. ಊರಿಗೆ ವಾಪಸ್ ಹೋಗುವ ಬಸ್ಸು ನಾಲ್ಕೂವರೆಗೆ, ಅದೇ ಕೊನೆಯದು.

"ಅಂಗಡೀಲಿ ಡಬ್ಬದಲ್ಲಿ ಸಿಕ್ತದಲ್ಲಜ್ಜಿ?" ಎಂದರು ಯಾರೋ.

"ಅದ್ನ ಕೊಟ್ರೆ ಕಕ್ಕೊಂಡ್ಬುಡ್ತದೆ ಕಣವ್ವ."

ಮಿಲ್ಲಿನಣ್ಣ ಅರ್ಧಕ್ಕೇ ಮಿಷನ್ನು ನಿಲ್ಲಿಸಿದರು. ನನ್ನ ಮೆಣಸಿನಕಾಯಿ ಅರ್ಧ ಪುಡಿ, ಅರ್ಧ ಕಾಯಿ. ಬಟ್ಟೆ ಬಿಚ್ಚಿದರು, ಉಜ್ಜಲು ಶುರು ಮಾಡಿದರು. ಮುಗ್ಗಿದ ರಾಗಿ ಒಂದು ಸಲ ಓಡಿಸಿದರು. ಬಂದ ಹಿಟ್ಟನ್ನು ಬೆರಳಲ್ಲಿ ನಾಲಿಗೆಗೆ ಇಟ್ಟುಕೊಂಡು ತಲೆಯಾಡಿಸಿದರು. ಇನ್ನೂ ಖಾರ. ಎರಡನೇ ಸಲ ಸುರಿಯುವಷ್ಟರಲ್ಲಿ ಮಿಷನ್ನು ಉಸಿರು ಬಿಟ್ಟಂತೆ ಸದ್ದು ಮಾಡಿ ನಿಂತುಹೋಯಿತು. ಮೂರು ಗಂಟೆ. ಕರೆಂಟು ಹೋಯಿತು.



ಮಿಲ್ಲಿನಣ್ಣ ಅಜ್ಜಿಗೆ ಸಮಾಧಾನ ಹೇಳಿದರು. "ನಿನ್ ಗ್ರಾಚಾರವೋ ನಂದೋ ಅವ್ವ. ದಿನಾ ಈ ಹೊತ್ಗೆ ರಾಗಿನೇ ಓಡ್ತಾ ಇರೋದು. ಐದ್ ನಿಮಿಷದಲ್ಲಿ ಬೀಸಿ ಕೊಡ್ತಿದ್ದೆ. ಇವತ್ತು ಈಯವ್ವಂದು ಗೃಹಪ್ರವೇಶದ್ದು, ಸಂಜೆಗೇ ಒಲೆ ಹಚ್ಬೇಕಂತೆ. ಅದ್ಕೇ ಖಾರ ಮುಂದಾಕ್ದೆ."

ಅಜ್ಜಿ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ. ಕಣ್ಣೊರೆಸಿಕೊಂಡು, "ಅದೂ ಶುಭಕಾರ್ಯ ಅಲ್ವೇನವ್ವ, ನಿಲ್ಬಾರ್ದು. ನೀನೇನ್ ಮಾಡೀಯೆ" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅಷ್ಟು ಜನರ ಮುಂದೆ ಹೇಳಿಬಿಟ್ಟೆ: "ಅಣ್ಣ, ಸಂಜೆಗಲ್ಲ. ಶನಿವಾರಕ್ಕೆ. ಸುಳ್ಳು ಹೇಳ್ದೆ."

ಅವರು ನನ್ನ ತುಟಿ ನೋಡುತ್ತಲೇ ಇದ್ದರು, ಇನ್ನೂ ಏನೋ ಬರಬೇಕು ಎನ್ನುವ ಹಾಗೆ. ಬಾಗಿಲಲ್ಲಿದ್ದ ಹೆಂಗಸೊಬ್ಬಳು, "ಥೂ, ದಿನಾ ದೇವರ ಹೆಸ್ರು ಹೇಳೋ ಬಾಯಿ" ಎಂದಳು. ಆ ಮಾತು ಈಗಲೂ ಕಿವಿಯಲ್ಲಿದೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಮಿಲ್ಲಿನಣ್ಣ ಗೋಡೆಯ ಗಡಿಯಾರ ನೋಡಿ, "ಬಾ ಇಲ್ಲಿ" ಎಂದು ಮಿಲ್ಲಿನ ಹಿಂಬಾಗಿಲಿನಿಂದ ಅವರ ಮನೆಯ ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ತುಳಸಿಕಟ್ಟೆಯ ಪಕ್ಕ ಅವರ ತಾಯಿಯ ಕಾಲದ ರಾಗಿ ಬೀಸುವ ಕಲ್ಲು. ಮೇಲಿನ ಕಲ್ಲಿನ ಮೇಲೆ ಅವರ ಹೆಂಡತಿ ಹಪ್ಪಳದ ತಟ್ಟೆ ಇಟ್ಟಿದ್ದರು. ತಟ್ಟೆ ತೆಗೆದು, ಕಲ್ಲು ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿದರು. ಗೂಟ ಸಡಿಲವಾಗಿದ್ದನ್ನು ಮಿಲ್ಲಿನಣ್ಣ ಬಡಿದು ಕೂರಿಸಿದರು.

"ಕೂತ್ಕೊ. ಬೀಸು."

ನಾನು ಮದುವೆಯಾದ ಮೇಲೆ ಕಲ್ಲು ಮುಟ್ಟಿರಲಿಲ್ಲ. ಕೂತೆ. ದೇವರೇ, ಈ ಎರಡು ಸೇರು ಬೀಸಿ ಮುಗಿಸುವ ತನಕ ಏಳುವುದಿಲ್ಲ, ನನ್ನ ಪಾಪ ಇಲ್ಲೇ ಕಳೆಯಲಿ ಅಂತ ಮನಸ್ಸಿನಲ್ಲೇ ಹರಕೆ ಹೊತ್ತುಕೊಂಡೆ. ಅಜ್ಜಿ ಎದುರಿಗೆ ಕೂತು ಹಿಡಿಹಿಡಿಯಾಗಿ ರಾಗಿ ಹಾಕುತ್ತಿದ್ದಳು. ಮಿಲ್ಲಿನಣ್ಣನ ಹೆಂಡತಿ ಹಳೆಯ ಸೀರೆಯ ತೆಳು ಬಟ್ಟೆಯಲ್ಲಿ ಹಿಟ್ಟು ಸೋಸುತ್ತಿದ್ದರು. ಮಗುವಿನ ಹಿಟ್ಟು, ನುಣ್ಣಗಾಗಬೇಕು. ಉಳಿದ ತರಿಯನ್ನು ಮತ್ತೆ ಕಲ್ಲಿಗೇ ಹಾಕಬೇಕು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಗಂಟಿನಲ್ಲಿ ನೋಡಿದರೆ ರಾಗಿ ಇನ್ನೂ ಬೇಕಾದಷ್ಟಿತ್ತು. ಹಲ್ಲು ಕಚ್ಚಿ ಇನ್ನೂ ಜೋರಾಗಿ ತಿರುಗಿಸಿದೆ.

ಆಗ ಮಿಲ್ಲಿನಣ್ಣ ಬಂದು ಕಲ್ಲಿನ ಗೂಟಕ್ಕೆ ಕೈ ಹಾಕಿ ನಿಲ್ಲಿಸಿದರು.

"ಅಜ್ಜಿ, ಕೂಸು ಒಂದ್ಸಲಕ್ಕೆ ಎಷ್ಟು ತಿಂತದೆ?"

"ಎರಡು ಚಮಚ ಹಿಟ್ಟು ಆದ್ರೆ ಎಚ್ಚು ಕಣಪ್ಪ."

"ಮತ್ತೆ ಈಯವ್ವ ಯಾರ್ ಮದ್ವೆಗೆ ಬೀಸ್ತಾ ಅವ್ಳೆ?" ಎಂದು ನನ್ನ ಕಡೆ ತಿರುಗಿದರು. "ಎಲ್ಲಾ ಬೀಸ್ಬ್ಯಾಡ. ಒಂದ್ ಪಾವು ಆಗ್ಲಿ, ಇವತ್ಗೆ ನಾಳೀಕೆ ಸಾಕು. ಮಿಕ್ಕಿದ್ದು ನಾಳೆ ನಾನು ಬೀಸಿ ಅದೇ ಬಸ್ಸಿಗಾಕಿ ಕಳ್ಸ್ತೀನಿ."

"ಇಲ್ಲಣ್ಣ, ಎಲ್ಲಾ ಬೀಸ್ತೀನಿ ಅಂತ ದೇವರಿಗೆ ಹೇಳ್ಕೊಂಡಿದ್ದೀನಿ. ತಪ್ಪು ನಂದು" ಎಂದೆ.

ಅವರಿಗೆ ನಿಜವಾಗಿ ಸಿಟ್ಟು ಬಂದದ್ದು ಆಗಲೇ. ಸುಳ್ಳಿಗೆ ಬಾರದ ಸಿಟ್ಟು ಇದಕ್ಕೆ ಬಂತು. "ನಿನ್ ಪಾಪ ತೊಳ್ಯೋಗಂಟ ಬಸ್ಸು ಕಾಯ್ತದೇನವ್ವ? ದೇವ್ರು ಎಲ್ಲಿಗೂ ಹೋಗಲ್ಲ, ಅಲ್ಲೇ ಕೂತಿರ್ತಾನೆ. ಬಸ್ಸು ಹೋಯ್ತದೆ. ಮೊದ್ಲು ಕೂಸು, ಆಮೇಲೆ ನೀನು."

ನಾನು ಕಲ್ಲು ಬಿಟ್ಟು ಎದ್ದೆ. ಪಾವಿನ ಮೇಲೆ ಒಂದು ಹಿಡಿ ಹೆಚ್ಚೇ ಆಗಿತ್ತು. ಮಿಲ್ಲಿನಣ್ಣನ ಹೆಂಡತಿ ಅದನ್ನು ಸಣ್ಣ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದರು. ಅಜ್ಜಿಯನ್ನು ನಾನೇ ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಕಂಡಕ್ಟರು ವಿಷಲ್ ಊದುವಾಗ ಅವಳು ಕಿಟಕಿಯಲ್ಲಿ ಕೂತಿದ್ದಳು, ಡಬ್ಬ ಮಡಿಲಲ್ಲಿತ್ತು. ಬಸ್ಸು ಹೊಳೆಯ ಸೇತುವೆ ಕಡೆ ತಿರುಗಿದ ಮೇಲೆ ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ. ಮಗುವಿಗೆ ಸಂಜೆಗೆ ಹಿಟ್ಟು ಸಿಕ್ಕಿತಲ್ಲ ಅಂತ ಎದೆ ಹಗುರಾಗಿ ಬಂದ ಅಳು ಅದು. ಅಂಗೈ ಉರಿಯುತ್ತಿತ್ತು. ಆ ಉರಿಯೂ ಸಾಕು ಅನ್ನಿಸಿತು.

ಮಾರನೇ ದಿನ ಕರೆಂಟು ಬಂತು. ಮಿಲ್ಲಿನಣ್ಣ ಮಿಷನ್ನು ಪೂರ್ತಿ ತೊಳೆದು, ಎಲ್ಲಕ್ಕಿಂತ ಮೊದಲು ಅಜ್ಜಿಯ ರಾಗಿ ಬೀಸಿ ಬಸ್ಸಿಗೆ ಕೊಟ್ಟು ಕಳಿಸಿದರು. ನನ್ನ ಮೆಣಸಿನಕಾಯಿ ಶುಕ್ರವಾರ ಮಧ್ಯಾಹ್ನ, ಕೊನೆಗೆ. ಶನಿವಾರ ಬೆಳಿಗ್ಗೆ ಪುಡಿ ಅರಕಲಗೂಡಿಗೆ ತಲುಪಿತು. ಅಡಿಗೆಯವರು ಇನ್ನೂ ಬಂದೇ ಇರಲಿಲ್ಲ! ಅಷ್ಟಕ್ಕೆ ನಾನು ಅಷ್ಟು ಹೆದರಿದ್ದು.

ಹದಿನೈದು ದಿನ ಬಿಟ್ಟು ಅಜ್ಜಿ ಮತ್ತೆ ಬಂದಳು. ಸೊಸೆ ಮನೆಗೆ ಬಂದಳಂತೆ, ಮಗು ಮೈ ತುಂಬಿಕೊಂಡಿದೆಯಂತೆ. ಮಿಲ್ಲಿಗೆ ಎರಡು ತೆಂಗಿನಕಾಯಿ ತಂದಿದ್ದಳು, ನನಗೂ ಒಂದು. ಆ ಕಾಯಿಯನ್ನು ನಾನು ಅಡಿಗೆಗೆ ಬಳಸಲಿಲ್ಲ, ನರಸಿಂಹಸ್ವಾಮಿಗೆ ಒಡೆಸಿದೆ. ಆ ಹರಕೆಯ ಲೆಕ್ಕ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೇನೆ.

ಅದಾದ ಮೇಲೆ ಮಿಲ್ಲಿನಣ್ಣ ತಮ್ಮ ಪ್ರಶ್ನೆಗೆ ಇನ್ನೊಂದು ಮಾತು ಸೇರಿಸಿಕೊಂಡರು. "ಒಲೆ ಯಾವಾಗ? ಉಣ್ಣೋರ್ಯಾರು?" ಯಾಕಣ್ಣ ಅಂತ ಕೇಳಿದ್ದಕ್ಕೆ, "ಹೊತ್ತಿನ ವಿಷ್ಯದಲ್ಲಿ ಜನ ಸುಳ್ಳು ಹೇಳ್ಬುಡ್ತಾರೆ ಕಣವ್ವ. ಉಣ್ಣೋ ಬಾಯಿ ಯಾವ್ದು ಅಂದ್ರೆ ಒಸಿ ತಡೀತಾರೆ" ಎಂದು ನನ್ನನ್ನು ನೋಡಿ ನಕ್ಕರು. ಎಳೆಮಗು, ಕಾಯಿಲೆಯವರು, ಬಾಣಂತಿ ಅಂತ ಬಂದ ಕಾಳಿಗೆ ಬೇರೆ ಪುಟ್ಟ ಬಕೆಟ್ಟು ಇಟ್ಟರು. ಅದಕ್ಕೆ ಯಾರದಾದರೂ ಕಾಳು ಬರಬಹುದು ಅಂತ ಗೊತ್ತಿದ್ದರೆ ಬಸ್ಸಿನ ಹೊತ್ತು ಕಳೆಯುವ ತನಕ ಖಾರ ಹಾಕುತ್ತಿರಲಿಲ್ಲ.

ನಾನೂ ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಬರೆಯಲು ಶುರುಮಾಡಿದೆ. ಯಾರಿಗೆ, ಯಾವತ್ತು, ಎಷ್ಟು ಹೊತ್ತಿಗೆ ಅವರ ಮನೆಯಲ್ಲಿ ಒಲೆ ಹಚ್ಚುತ್ತಾರೆ. ಜೋರಾಗಿ ಕೇಳಿದವರ ಹೆಸರು ಮೇಲೆ ಬರುವುದು ನಿಂತಿತು. ಹುರಿಯುವಾಗ ಒಂದೇ ಬಾಣಲೆಯಲ್ಲಿ ಮೊದಲು ಜೀರಿಗೆ, ಮೆಂತ್ಯ, ಆಮೇಲೆ ಧನಿಯ, ಕೊನೆಗೆ ಮೆಣಸಿನಕಾಯಿ. ಬಾಣಲೆ ತೊಳೆಯುವುದು ಒಂದೇ ಸಲ. ಒಂದು ದಿನ ಬರೀ ಹುರಿಯುವುದು, ಒಂದು ದಿನ ಬರೀ ಬೀಸಿಸುವುದು, ಒಂದು ದಿನ ಪೊಟ್ಟಣ. ಗ್ಯಾಸು ಒಂದು ವಾರ ಹೆಚ್ಚು ಬಂತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೈ ಖಾಲಿಯಾಗಿ ಕೂತು ನಾಲ್ಕು ಸಾಲು ಸ್ತೋತ್ರ ಹೇಳುವಷ್ಟು ಬಿಡುವು ಸಿಕ್ಕಿತು. ಬಣ್ಣದ ದಾರ ಬಿಟ್ಟೇಬಿಟ್ಟೆ. ಅದಿಲ್ಲ ಅಂತ ಈ ತನಕ ಯಾರೂ ಕೇಳಿಲ್ಲ.

ಈಗ ಹಾಸನ, ಚನ್ನರಾಯಪಟ್ಟಣದಿಂದಲೂ ವಾಟ್ಸಾಪಿನಲ್ಲಿ ಆರ್ಡರು ಬರುತ್ತದೆ. ಮನೆಯ ಪಕ್ಕ ಶೆಡ್ಡು ಹಾಕಿ ನಮ್ಮದೇ ಸಣ್ಣ ಮಿಷನ್ನು ಇಟ್ಟುಕೊಂಡಿದ್ದೇವೆ. ಎಲ್ಲ ಭಗವಂತ ಕೊಟ್ಟಿದ್ದು. ಕೊಡುವಾಗ ಅವನು ಮಿಲ್ಲಿನಣ್ಣನ ಕೈಯಿಂದ ಕೊಡಿಸಿದ ಅಂತ ನನ್ನ ನಂಬಿಕೆ.

ಅವರನ್ನು ಕೊನೆಯ ಸಲ ನೋಡಿದ್ದು ಮೂರು ವರ್ಷದ ಹಿಂದೆ. ಮಿಲ್ಲು ಮುಚ್ಚಿ ಆಗಲೇ ಬಹಳ ದಿನವಾಗಿತ್ತು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ವರ್ಷಗಟ್ಟಲೆ ಕುಡಿದ ಹಿಟ್ಟಿನ ಧೂಳು. ಹುಬ್ಬು ಪೂರ್ತಿ ಬೆಳ್ಳಗಾಗಿತ್ತು, ಹಿಟ್ಟಿಲ್ಲದೆಯೇ. ನನ್ನನ್ನು ನೋಡಿ ಗುರುತು ಹಿಡಿದು, ಕೈ ಎತ್ತಿ ಕೇಳಿದರು: "ಇವತ್ತು ಏನ್ ಮೊದ್ಲು ಹಾಕ್ದೆ?"

"ಅಕ್ಕಿ ಅಣ್ಣ" ಎಂದೆ, ತುಟಿ ಚೆನ್ನಾಗಿ ಕಾಣುವ ಹಾಗೆ. ಅವರು ತಲೆಯಾಡಿಸಿದರು. ಅವತ್ತು ನಿಜಕ್ಕೂ ಅಕ್ಕಿಯೇ ಹಾಕಿದ್ದೆ. ಅದೊಂದು ಸಮಾಧಾನ ನನಗಿದೆ... ಆ ತಿಂಗಳಲ್ಲೇ ಹೋದರು.

ಅವರ ಹೆಂಡತಿ ಮಗಳ ಮನೆಗೆ ಹೊರಡುವಾಗ ಆ ಬೀಸುವ ಕಲ್ಲನ್ನು ನನಗೆ ಕಳಿಸಿಕೊಟ್ಟರು. ಶೆಡ್ಡಿನ ಬಾಗಿಲಲ್ಲಿ ಇಟ್ಟಿದ್ದೇನೆ. ದಿನಾ ಬೆಳಿಗ್ಗೆ ಮಿಷನ್ನಿಗೆ ಅರಿಶಿನ ಕುಂಕುಮ ಇಡುವಾಗ ಅದಕ್ಕೂ ಇಡುತ್ತೇನೆ.

ಮೊನ್ನೆ ಬೆಲ್ಟು ಆರಿದ ಮೇಲೆ ಮತ್ತೆ ಕೆಲಸಕ್ಕೆ ನಿಂತೆವು. ರಾಗಿ ಮುಗಿಸಿ ಮೆಣಸಿನಕಾಯಿ ಬುಟ್ಟಿ ಎತ್ತಿಕೊಂಡೆ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಕೈಯಲ್ಲಿ ಸ್ಟೀಲಿನ ಡಬ್ಬ ಹಿಡಿದ ಎಳೆ ತಾಯಿ. "ಆಂಟಿ, ಸ್ವಲ್ಪ ರಾಗಿ ಇತ್ತು, ಆಗುತ್ತಾ?" ಎಂದಳು. ನಾನು ಬುಟ್ಟಿ ಕೆಳಗಿಟ್ಟೆ.

"ಒಲೆ ಯಾವಾಗ ಹಚ್ತೀಯಮ್ಮ? ಉಣ್ಣೋರ್ಯಾರು?" ಎಂದು ಕೇಳಿದೆ.

"ಪಾಪುಗೆ" ಎಂದಳು.

ಡಬ್ಬ ತೆಗೆದುಕೊಂಡು ಮಿಷನ್ನಿಗೆ ಸುರಿದೆ. ಒಂದು ನಿಮಿಷದ ಕೆಲಸ. ಬಾಗಿಲಲ್ಲಿದ್ದ ಕಲ್ಲು ಕಣ್ಣಿಗೆ ಬಿತ್ತು. ನನ್ನ ಮನೆಗೆ ಬಂದ ಮೇಲೆ ಅದನ್ನು ತಿರುಗಿಸುವ ಪ್ರಮೇಯ ಇನ್ನೂ ಬಂದಿಲ್ಲ. ಬಾರದೆ ಇರಲಿ. ಬಂದರೂ ಭಯವಿಲ್ಲ, ಒಂದು ಪಾವು ಬೀಸಿದರೆ ಸಾಕು ಅಂತ ಈಗ ಗೊತ್ತಿದೆ. ಮಿಕ್ಕಿದ್ದು ನಾಳೆ ನಾನು ಬೀಸಿ ಕಳಿಸ್ತೀನಿ ಅನ್ನುವವರು ಮಾತ್ರ ಇಲ್ಲ. ಆ ಮಾತನ್ನು ಇನ್ನು ನಾನೇ ಯಾರಿಗಾದರೂ ಹೇಳಬೇಕು.